ನರ್ವ್ ಬ್ಲಾಕ್‌ಗೆ ಕನ್ನಡ ಪದ: ಇನ್ನೊಮ್ಮೆ, ಸೋಮವಾರದೊಳಗೆ ಬೇಕು

ತಲೆನೋವಿಗೆ ನರದ ಪಕ್ಕ ಜೋಮು ಬರಿಸೋಕೆ ಕೊಡುವ ಇಂಜೆಕ್ಷನ್ನಿಗೆ, ಅಂದರೆ ನರ್ವ್ ಬ್ಲಾಕ್‌ಗೆ, ಕನ್ನಡದಲ್ಲಿ ಏನನ್ನೋಣ ಎಂದು ಹಿಂದೆ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಆದರೆ 'ನರರೋಧ' ಬೇಡ. ಪದ ಬೇಕಿರುವುದು ಹಾಸನದ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ಕೈಗೆ ಕೊಡುವ ಹಾಳೆಗೆ, ಅದು ಸೋಮವಾರ ಪ್ರಿಂಟಿಗೆ ಹೋಗಬೇಕು. 'ನರ' ಸಂಸ್ಕೃತ, ರೋಧದ ಜೊತೆ ಹೊಂದುತ್ತದೆ ಎಂದವರಿಗೆ: ಮನುಷ್ಯ ಎನ್ನುವ ನರ ಬೇರೆ, ಮೈಯೊಳಗಿನ ನರ ಬೇರೆ. ಇದು ತಮಿಳಿನ ನರಂಬು, ತೆಲುಗಿನ ನರಮು ಜೊತೆಯದು. ನಿಮ್ಮದು ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ ಅರಿಸಮಾಸ.

ನನ್ನ ತಕರಾರು ಅದಲ್ಲ ಬಿಡಿ, ನರ ತಡೆಯುತ್ತಾರೆ ಎಂದರೆ ಜನ ಹೆದರುತ್ತಾರೆ ಎನ್ನುವುದು. ನಮ್ಮಕ್ಕನಿಗೆ ತಿಂಗಳಿಗೆ 15 ದಿನಕ್ಕೂ ಜಾಸ್ತಿ ಅರೆತಲೆನೋವು. ಹೋದ ವರ್ಷ ಒಂದು ಆಸ್ಪತ್ರೆಯಲ್ಲಿ 'ನರ ಬ್ಲಾಕ್ ಮಾಡ್ತೀವಿ' ಅಂದರು ಅಷ್ಟೇ, ಅಕ್ಕ ಚಪ್ಪಲಿ ಮೆಟ್ಟಿಕೊಂಡು ಆಚೆ ಬಂದಳು. ನಮ್ಮ ಕಡೆ ಬ್ಲಾಕ್ ಅಂದರೆ ಹಾರ್ಟಿನ ಬ್ಲಾಕ್. ರಕ್ತ ತೆಗೆಯುವಾಗ 'ನರ ಸಿಗ್ತಿಲ್ಲ' ಅನ್ನುತ್ತಾರಲ್ವಾ, ಜನಕ್ಕೆ ರಕ್ತನಾಳವೂ ನರವೇ, ಅದನ್ನು ತಡೆದರೆ ಲಕ್ವ ಹೊಡೆಯುತ್ತದೆ ಎಂದು ಅವಳ ಭಯ. ಹಲ್ಲು ಕೀಳುವಾಗ ಜೋಮು ಬರೋಕೆ ಕೊಡ್ತಾರಲ್ಲ, ಅದೇ ಕಣೇ ಎಂದು ನಾನು ಹೇಳಿದ ಮೇಲೆ ಒಪ್ಪಿದಳು.

ಆಗುವುದೂ ಅಷ್ಟೇ. ಹೆಡತಲೆಯ, ಅಂದರೆ ತಲೆಯ ಹಿಂಭಾಗದ, ಕೂದಲು ಸರಿಸಿ, ಅಲ್ಲಿ ಹಾದುಹೋಗುವ ನರದ ಪಕ್ಕಕ್ಕೆ ಲಿಗ್ನೊಕೇನ್ ಅಥವಾ ಬುಪಿವಕೇನ್ ಎನ್ನುವ ಜೋಮು ಬರಿಸುವ ಮದ್ದು ಕೊಡುತ್ತಾರೆ. ಕೆಲವೊಮ್ಮೆ ಸ್ಟೀರಾಯ್ಡ್ ಸೇರಿಸುತ್ತಾರೆ. ಕೆಲವು ಗಂಟೆ ಅಷ್ಟು ಜಾಗ ಜೋಮು. ಅದು ಇಳಿದ ಮೇಲೂ ಕೆಲವರಿಗೆ ವಾರಗಟ್ಟಲೆ ನೋವು ಕಡಿಮೆ ಇರುತ್ತದೆ. ಪೂರ್ತಿ ಎಚ್ಚರ ಇರುತ್ತದೆ, ಅದಕ್ಕೇ 'ನರ ಅರಿವಳಿಕೆ'ಯೂ ಬೇಡ. ಓದಿದವರು ಪ್ರಜ್ಞೆ ತಪ್ಪಿಸುತ್ತಾರೆ ಅಂದುಕೊಳ್ಳುತ್ತಾರೆ. 'ಚುಚ್ಚುಮದ್ದು' ಅಂದರೆ ಮಕ್ಕಳ ಲಸಿಕೆ ನೆನಪಾಗುತ್ತದೆ.

ಹೆಡತಲೆ ಸತ್ತ ಪದ ಎಂದು ಒಬ್ಬರು ಬರೆದಿದ್ದಾರೆ. ತಪ್ಪು. ಕಳ್ಳರ ಹೆಡಮುರಿ ಕಟ್ಟಿದರು ಎನ್ನುತ್ತೇವಲ್ಲ, ಆ 'ಹೆಡ' ಹಿಂದುಗಡೆಯೇ. ಪೇಪರಿನವರು ಸುಮ್ನೆ 'ಹೆಡೆಮುರಿ' ಎಂದು ಬರೆದು ಅದನ್ನು ಹಾವಿನ ಹೆಡೆ ಮಾಡಿದ್ದಾರೆ.

ಇಂಗ್ಲಿಷ್ ಒಂದೂ ಇರಬಾರದು, 'ಇಂಜೆಕ್ಷನ್' ಬದಲು 'ಸೂಜಿ' ಅನ್ನಿ ಎನ್ನುವವರೇ, ಸೂಜಿ ಸಂಸ್ಕೃತದ ಸೂಚಿಯಿಂದ ಬಂದದ್ದು. ಅದನ್ನು ನಮ್ಮದು ಮಾಡಿಕೊಂಡಿದ್ದೇವೆ. ಇಂಜೆಕ್ಷನ್ನೂ ಹಾಗೇ, ಸಂತೆಗೆ ಬರುವ ಅಜ್ಜಿಗೂ ಗೊತ್ತು.

ನಾನು ಹಾಕಬೇಕೆಂದಿರುವುದು 'ತಲೆನೋವಿಗೆ ಜೋಮು ಇಂಜೆಕ್ಷನ್', ಕೆಳಗೆ ಸಣ್ಣಕ್ಷರದಲ್ಲಿ ನರ್ವ್ ಬ್ಲಾಕ್. ಚಿಕ್ಕಮಗಳೂರಿನಿಂದಲೂ ಆ ಕ್ಲಿನಿಕ್ಕಿಗೆ ಜನ ಬರುತ್ತಾರೆ. ಆ ಕಡೆಯವರು ಹೇಳಿ, ನಿಮ್ಮಲ್ಲಿ ಜೋಮು ಅನ್ನುತ್ತಾರೋ, ಮರಗಟ್ಟೋದು ಅನ್ನುತ್ತಾರೋ? ಭಾನುವಾರ ರಾತ್ರಿವರೆಗೆ ಕಾಯುತ್ತೇನೆ.