ಮನೆ ಎಸಿಗೆ ಗ್ಯಾಸ್ ನಾವೇ ತುಂಬಬಹುದಾ? ಸರ್ಟಿಫಿಕೇಟ್ ಎಲ್ಲಿ ಮಾಡಿಸಬೇಕು?

ಪ್ರಶ್ನೆ (ಜೇವರ್ಗಿ ರಸ್ತೆ, ಕಲಬುರಗಿ):
ನಮ್ಮದು ಶಹಾಬಾದ್ ಕಲ್ಲಿನ ಮನೆ. ಏಪ್ರಿಲ್ ಬಂದರೆ ರಾತ್ರಿ ಹತ್ತಾದರೂ ಗೋಡೆ ಬಿಸಿ ಇರುತ್ತೆ. ಅಮ್ಮನಿಗೆ ಬಿಪಿ, ಎಸಿ ಇಲ್ಲದೆ ನಡೆಯಲ್ಲ. ಒಂದೂವರೆ ಟನ್ ಸ್ಪ್ಲಿಟ್, ಆರ್-32 ಗ್ಯಾಸ್. ಪ್ರತಿ ಬೇಸಿಗೆಯಲ್ಲೂ ಮೆಕ್ಯಾನಿಕ್ ಬಂದು ‘ಗ್ಯಾಸ್ ಖಾಲಿಯಾಗಿದೆ’ ಅಂತ ತುಂಬಿ, ದುಡ್ಡು ತಗೊಂಡು ಹೋಗುತ್ತಾರೆ. ವೈರಿಂಗ್, ಮೋಟಾರ್ ರಿಪೇರಿ ನನಗೆ ಬರುತ್ತೆ. ಇದನ್ನೂ ಸರಿಯಾಗಿ ಕಲಿತು, ಸರ್ಟಿಫಿಕೇಟ್ ಮಾಡಿಸಿಕೊಂಡು ಕೈ ಹಾಕಬೇಕು ಅಂತಿದ್ದೇನೆ. ಅಮೆರಿಕದಲ್ಲಿ ಮನೆಯವರೂ ಪರೀಕ್ಷೆ ಬರೆಯುತ್ತಾರಂತೆ. ನಮ್ಮ ಕಡೆ ದಾರಿ ಏನು?

ಉತ್ತರ (ಎಸಿ ಮೆಕ್ಯಾನಿಕ್, ಬೀದರ್):
ಅಣ್ಣ, ಮೊದಲು ಒಂದು ಮಾತು. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗಲ್ಲ. ಪೈಪಿನೊಳಗೇ ಸುತ್ತುತ್ತಾ ಇರುತ್ತೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ವರ್ಷವರ್ಷ ತುಂಬೋದು ನಿಮಗೆ ಮೋಸ. ಸುಮ್ನೆ ಗಾಳಿಗೆ ಬಿಡೋದೂ ತಪ್ಪು, ಆರ್-32 ಕಾರ್ಬನ್ ಡೈಆಕ್ಸೈಡ್‌ಗಿಂತ 675 ಪಟ್ಟು ಬಿಸಿ ಹಿಡಿಯುತ್ತೆ.

ಹೊರಗಿನ ಯೂನಿಟ್ ಪಕ್ಕದಲ್ಲಿ ಎರಡು ಹಿತ್ತಾಳೆ ನಟ್ ಇವೆ ನೋಡಿ, ಫ್ಲೇರ್ ನಟ್. ಫ್ಲೇರ್ ಅಂದರೆ ತಾಮ್ರದ ಪೈಪಿನ ಅಗಲಿಸಿದ ತುದಿ, ಅದನ್ನು ಈ ನಟ್ ಹಿಡಿದಿಡುತ್ತೆ. ಸುತ್ತ ಜಿಡ್ಡಿನ ಕಲೆ, ಅದಕ್ಕೆ ಧೂಳು ಮೆತ್ತಿಕೊಂಡಿದ್ದರೆ ಲೀಕ್ ಬಹುತೇಕ ಅಲ್ಲೇ. ಗ್ಯಾಸ್ ಜೊತೆ ಕಂಪ್ರೆಸರ್ ಆಯಿಲ್ಲೂ ಹೊರಬರುತ್ತೆ. ಸೋಪ್ ನೀರು ಹಚ್ಚಿ, ಗುಳ್ಳೆ ಬರುತ್ತಾ ನೋಡಿ. ಇಷ್ಟಕ್ಕೆ ಯಾವ ಸರ್ಟಿಫಿಕೇಟೂ ಬೇಡ.

ಮುಂದಿನದು ಬೇರೆ ಕೆಲಸ. ನೈಟ್ರೋಜನ್‌ನಿಂದ ಪ್ರೆಷರ್ ಟೆಸ್ಟ್, ಆಮೇಲೆ ಪಂಪ್ ಹಾಕಿ ಪೈಪಿನೊಳಗಿನ ಗಾಳಿ, ತೇವ ಎಳೆದು 500 ಮೈಕ್ರಾನ್‌ಗೆ (ವ್ಯಾಕ್ಯೂಮ್ ಅಳೆಯುವ ಅಳತೆ) ವ್ಯಾಕ್ಯೂಮ್, ಆಮೇಲೆ ನೇಮ್‌ಪ್ಲೇಟ್ ಮೇಲಿನ ತೂಕಕ್ಕೆ ಸರಿಯಾಗಿ ತೂಗಿ ತುಂಬಬೇಕು. ಗೇಜ್ ನೋಡಿ ಅಂದಾಜಿಗೆ ತುಂಬುವವರೇ ಜಾಸ್ತಿ, ನಮ್ಮ 42 ಡಿಗ್ರಿ ಬಿಸಿಲಲ್ಲಿ ಆ ಅಂದಾಜು ಕೈಕೊಡುತ್ತೆ. ಆರ್-32 ಬೆಂಕಿ ಹಿಡಿಯುತ್ತೆ, ಒಳಗೆ ಗ್ಯಾಸ್ ಇರುವಾಗ ಪೈಪಿಗೆ ಬೆಸುಗೆ ಹಾಕುವ ಬೆಂಕಿ ಟಾರ್ಚ್ ಹಿಡಿಯಲೇಬೇಡಿ. ದ್ರವ ಕೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟಿ ಹೋಗುತ್ತೆ. ಅದು ಕುದಿಯೋದು ಮೈನಸ್ 52 ಡಿಗ್ರಿಗೆ, ಅಷ್ಟು ತಣ್ಣಗಿರುತ್ತೆ.

ಕಲಿಯಬೇಕು ಅಂದರೆ ಐಟಿಐನಲ್ಲಿ ರೆಫ್ರಿಜರೇಶನ್ ಮತ್ತು ಏರ್ ಕಂಡೀಷನಿಂಗ್ ಟ್ರೇಡ್ ಎರಡು ವರ್ಷ. ಅಷ್ಟು ಸಮಯ ಇಲ್ಲದಿದ್ದರೆ ಎಲೆಕ್ಟ್ರಾನಿಕ್ಸ್ ಸ್ಕಿಲ್ ಕೌನ್ಸಿಲ್‌ನ ಫೀಲ್ಡ್ ಟೆಕ್ನಿಷಿಯನ್, ಏರ್ ಕಂಡೀಷನರ್ ಕೋರ್ಸ್ ಕೇಳಿ ನೋಡಿ.

ಉತ್ತರ (ಊರು ಯಾದಗಿರಿ, ಈಗ ಡಲ್ಲಾಸ್):
ಇಲ್ಲಿನ ಪರೀಕ್ಷೆ ಇಪಿಎ 608, ಇಪಿಎ ಅಂದರೆ ಅಮೆರಿಕದ ಪರಿಸರ ಸಂಸ್ಥೆ. ಗ್ಯಾಸ್ ಲೈನ್ ಬಿಚ್ಚುವವರು ಮನೆ ಮಾಲೀಕರೇ ಆಗಿದ್ದರೂ ಬರೆಯಲೇಬೇಕು. ಮೊದಲ ಭಾಗ 25 ಪ್ರಶ್ನೆ, 18 ಸರಿ ಬಂದರೆ ಪಾಸ್. ಟೈಪ್ 1 ಫ್ರಿಜ್, ವಿಂಡೋ ಎಸಿಗೆ. ನಿಮ್ಮಂಥ ಸ್ಪ್ಲಿಟ್‌ಗೆ ಟೈಪ್ 2 ಬೇಕು. ಕಾರ್ಡ್‌ಗೆ ಅವಧಿ ಇಲ್ಲ. ಆದರೆ ಅದು ಇಲ್ಲಿನ ಕಾನೂನು, ಕಲಬುರಗಿಯಲ್ಲಿ ಅದಕ್ಕೆ ಲೆಕ್ಕವಿಲ್ಲ. ಪಾಠ ಮಾತ್ರ ಚೆನ್ನಾಗಿದೆ, ಓದಿ.

ಪ್ರಶ್ನೆ ಕೇಳಿದವರು:
ಬೀದರ್ ಅಣ್ಣ, ಈಗಷ್ಟೇ ಮೇಲೆ ಹೋಗಿ ನೋಡಿದೆ. ದಪ್ಪ ಪೈಪಿನ ನಟ್ ಕೆಳಗೆ ಕಪ್ಪು ಜಿಡ್ಡು ಇದೆ. ಸೋಪ್ ನೀರಿಗೆ ಸಣ್ಣ ಗುಳ್ಳೆ ಬರ್ತಾ ಇದೆ. ನಟ್ ಬಿಗಿ ಮಾಡಿದರೆ ಸಾಕಾ, ಫ್ಲೇರ್ ಹೊಸದಾಗಿ ಮಾಡಿಸಬೇಕಾ? ಸೋಮವಾರ ಐಟಿಐಗೂ ಹೋಗಿ ವಿಚಾರಿಸುತ್ತೇನೆ.

ಉತ್ತರ (ಎಸಿ ಮೆಕ್ಯಾನಿಕ್, ಬೀದರ್):
ಜೋರಾಗಿ ಬಿಗಿ ಮಾಡಬೇಡಿ, ತಾಮ್ರ ಸೀಳುತ್ತೆ. ಪಂಪ್ ಡೌನ್ ಮಾಡಿ ಗ್ಯಾಸ್ ಹೊರಗಿನ ಯೂನಿಟ್‌ನಲ್ಲೇ ಕೂಡಿಟ್ಟು, ಫ್ಲೇರ್ ಕತ್ತರಿಸಿ ಹೊಸದು ಮಾಡಿಸಿ. ಟಾರ್ಕ್ ವ್ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆದು ಬಿಗಿ ಮಾಡುವ ಪಾನಾ) ಇರುವವರನ್ನೇ ಕರೆಯಿರಿ, ಪಕ್ಕದಲ್ಲಿ ನಿಂತು ನೋಡಿ.