ಮೈದನಹಳ್ಳಿಯ ಕೃಷ್ಣಮೃಗಕ್ಕೆ ಯಾವ ಲೆನ್ಸ್?

ಪ್ರಶ್ನೆ: ಮಧುಗಿರಿಯವನು. ಭಾನುವಾರ ಬೆಳಗಾದರೆ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿರುತ್ತೇನೆ. ನನ್ನ 70-300 ಮಿ.ಮೀ. ಲೆನ್ಸ್‌ನಲ್ಲಿ ಕೃಷ್ಣಮೃಗದ ಸುರುಳಿಕೊಂಬು ಒಣಕಡ್ಡಿಯಂತೆ ಕಾಣುತ್ತದೆ. ಕ್ಯಾಮೆರಾ ನಿಕಾನ್. ನಿಕಾನ್ 200-500 ಕೊಳ್ಳಲೇ, ಸಿಗ್ಮಾ 150-600 ಕೊಳ್ಳಲೇ?

ಉತ್ತರ: ನಿಕಾನ್ ಕೊಳ್ಳಿ. 500ರಲ್ಲೂ ಎಫ್ 5.6 (ಬೆಳಕು ಒಳಬಿಡುವ ಕಿಂಡಿಯ ಅಳತೆ) ಉಳಿಯುತ್ತದೆ, ಮುಂಜಾನೆಯ ಮಬ್ಬಿನಲ್ಲಿ ಅದೇ ದೊಡ್ಡ ಆಸರೆ. ಆದರೆ ತೂಕ ಸುಮಾರು 2.3 ಕಿಲೋ. ಶಿರಾ ಬಳಿಯ ಕಗ್ಗಲಡುವಿನ ಹುಣಸೆಮರದಡಿ ಬಣ್ಣದ ಕೊಕ್ಕರೆ ಗೂಡಿಗಿಳಿಯುವುದನ್ನು ಕಾಯುತ್ತ ನನ್ನ ಮಣಿಕಟ್ಟು ನಡುಗಿಹೋಗಿತ್ತು. ಈಗ ಬಟ್ಟೆಚೀಲಕ್ಕೆ ಅವರೆಕಾಳು ತುಂಬಿ, ಅದರ ಮೇಲೆ ಲೆನ್ಸ್ ಊರುತ್ತೇನೆ.

ಇನ್ನೊಬ್ಬರು: ಬಿಸಿಲೇರಿದರೆ ನೆಲದ ಝಳಕ್ಕೆ 600 ಇದ್ದರೂ ಚಿತ್ರ ಕಲಸಿಹೋಗುತ್ತದೆ. ಬೇಗ ಹೋಗಿ, ದೂರದಲ್ಲೇ ಕುಳಿತುಕೊಳ್ಳಿ. ಹಿಂಡನ್ನು ದಯವಿಟ್ಟು ಓಡಿಸಬೇಡಿ.

ಪ್ರಶ್ನೆ ಕೇಳಿದವರು: ಅವರೆಕಾಳು ಮನೆಯಲ್ಲೇ ಇದೆ. ಮೊದಲು ಒಂದು ವಾರ 200-500 ಬಾಡಿಗೆಗೆ ತರುತ್ತೇನೆ.