ತಾಲ್ಮುಡ್‌ನಲ್ಲಿ ಕಾನೂನು ಬಿಟ್ಟು ಕತೆ ಮಾತ್ರ ಓದಿದರೆ ಆಗದೇ?

ಪ್ರಶ್ನೆ:
ಎರಡು ತಿಂಗಳಿಂದ ಯಹೂದಿಗಳ ಹಳೆಯ ಕಾನೂನು-ಚರ್ಚೆಯ ಗ್ರಂಥವಾದ ತಾಲ್ಮುಡ್‌ನ ಬಾವಾ ಮೆತ್ಸಿಯಾ ಎಂಬ ಸಂಪುಟವನ್ನು ಅನುವಾದದಲ್ಲಿ ಓದುತ್ತಿದ್ದೇನೆ. ದಿನನಿತ್ಯದ ಬದುಕಿಗೆ ಬೇಕಾದದ್ದು ತುಂಬ ಇದೆ ಎಂದು ಕೇಳಿ ಶುರು ಮಾಡಿದ್ದು. ಮೊದಲ ಹಾಳೆಯಲ್ಲೇ ಇಬ್ಬರು ಒಂದು ಹೊದಿಕೆ ಹಿಡಿದುಕೊಂಡು ‘ನನಗೆ ಸಿಕ್ಕಿದ್ದು, ಪೂರಾ ನನ್ನದು’ ಅನ್ನುತ್ತಾರೆ. ಇಬ್ಬರೂ ಆಣೆ ಮಾಡಿ ಅರ್ಧರ್ಧ ತೆಗೆದುಕೊಳ್ಳಬೇಕು. ಒಬ್ಬ ಪೂರಾ, ಇನ್ನೊಬ್ಬ ಅರ್ಧ ಕೇಳಿದರೆ ಮುಕ್ಕಾಲು, ಕಾಲು. ಅಲ್ಲಿಂದ ಮುಂದೆ ಹಾಳೆಗಟ್ಟಲೆ ಆಣೆಯದೇ ಚರ್ಚೆ. ದಾಫ್ ಯೋಮಿ ಎಂಬ ನಿತ್ಯ ಓದಿನ ಕ್ರಮ ಹಿಡಿದವರು ದಿನಕ್ಕೊಂದರಂತೆ ಇಡೀ ತಾಲ್ಮುಡ್‌ನ 2,711 ಹಾಳೆಗಳನ್ನು ಸುಮಾರು ಏಳೂವರೆ ವರ್ಷದಲ್ಲಿ ಮುಗಿಸುತ್ತಾರೆ. ನನಗೆ ಐದು ಹಾಳೆಗೇ ಸಾಕಾಗಿದೆ. ಕತೆಗಳನ್ನಷ್ಟೇ ಆರಿಸಿ ಓದಲೇ?

ಉತ್ತರ 1:
ಓದಿ, ತಪ್ಪೇನಿಲ್ಲ. ಶಬ್ಬಾತ್ ಸಂಪುಟದ 31ನೇ ಹಾಳೆಯಿಂದ ಶುರು ಮಾಡಿ. ಹಿಲ್ಲೇಲ್ ಎಂಬ ಗುರುಗಳಿಗೆ ಸಿಟ್ಟು ಬರಿಸುತ್ತೇನೆಂದು ಒಬ್ಬ 400 ಝೂಝ್ (ಬೆಳ್ಳಿ ನಾಣ್ಯ) ಪಂಥ ಕಟ್ಟಿ, ಅವರು ತಲೆ ತೊಳೆದುಕೊಳ್ಳುತ್ತಿರುವಾಗಲೇ ಮತ್ತೆ ಮತ್ತೆ ಬಾಗಿಲಿಗೆ ಬಂದು ಅಸಂಬದ್ಧ ಪ್ರಶ್ನೆ ಕೇಳುತ್ತಾನೆ. ಪ್ರತಿಸಲವೂ ಅವರು ಬಟ್ಟೆ ಹೊದ್ದು ಹೊರಗೆ ಬರುತ್ತಾರೆ.

ಉತ್ತರ 2:
ಕತೆ ಚೆನ್ನಾಗಿಯೇ ಇದೆ. ಆದರೂ ಆ ಆಣೆಯ ಹಾಳೆಗಳನ್ನು ದಾಟಿ ಹೋಗಬೇಡಿ. ಆಣೆಯ ಮಾತು ಏನು ನೋಡಿ: ‘ಇದರಲ್ಲಿ ನನಗೆ ಪಾಲಿದೆ, ಅದು ಅರ್ಧಕ್ಕಿಂತ ಕಡಿಮೆಯಲ್ಲ.’ ಇಷ್ಟು ಸುತ್ತುಬಳಸು ಯಾಕೆ? ‘ಪೂರಾ ನನ್ನದು’ ಎಂದು ಆಣೆ ಮಾಡಿಸೋಣ ಅಂದರೆ ನಾವು ಪೂರಾ ಕೊಡುವುದಿಲ್ಲವಲ್ಲ. ‘ಅರ್ಧ ನನ್ನದು’ ಎಂದು ಮಾಡಿಸಿದರೆ ಅವನು ಮೊದಲು ಆಡಿದ ಮಾತನ್ನು ಅವನೇ ಸುಳ್ಳು ಮಾಡಿಕೊಂಡಂತಾಗುತ್ತದೆ. ಹಂಚಿಕೆಯೂ ಆಗಬೇಕು, ಯಾರೂ ತಮ್ಮ ಮಾತನ್ನು ತಾವೇ ನುಂಗಿಕೊಳ್ಳುವಂತೆಯೂ ಆಗಬಾರದು. ನಾವು ಅಣ್ಣತಂಗಿಯರು ಮನೆ ಹಂಚಿಕೊಂಡಾಗ ಇಂಥ ಒಂದು ವಾಕ್ಯ ಹೊಳೆದಿದ್ದರೆ, ಆಮೇಲಿನ ಮೂರು ವರ್ಷ ಮಾತು ಬಿಡುತ್ತಿರಲಿಲ್ಲ.

ನಾನು ಮೇಷ್ಟ್ರಾಗಿದ್ದವಳು. ಉತ್ತರಪತ್ರಿಕೆ ಹಂಚುವಾಗ ಅಂಕಗಳನ್ನು ಗಟ್ಟಿಯಾಗಿ ಓದುತ್ತಿದ್ದೆ, ಕಡಿಮೆ ಬಂದವರದನ್ನು ಕೊನೆಗೆ. ಬುದ್ಧಿ ಬರಲಿ ಎಂದೇ ನಂಬಿದ್ದೆ. ಬಾವಾ ಮೆತ್ಸಿಯಾದ 58ನೇ ಹಾಳೆಯಲ್ಲಿ ಮಾತಿನಿಂದ ಮಾಡುವ ಅನ್ಯಾಯದ ಪ್ರಸ್ತಾಪ ಬರುತ್ತದೆ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಕೇಳುವುದೂ ಅದರಲ್ಲಿ ಸೇರಿದೆ. ನಾಲ್ಕು ಜನರೆದುರು ಒಬ್ಬನ ಮುಖ ಬಿಳಿಚಿಸುವುದು ರಕ್ತ ಸುರಿಸಿದ ಹಾಗೆ ಎನ್ನುವ ಮಾತಿಗೆ ರಾವ್ ನಹ್ಮಾನ್ ಬಾರ್ ಯಿತ್ಸ್‌ಹಾಕ್ ಎಂಬ ಪಂಡಿತರು ಒಪ್ಪುತ್ತಾರೆ: ಕೆಂಪು ಹೋಗಿ ಬಿಳಿ ಬರುವುದನ್ನು ಕಣ್ಣಾರೆ ನೋಡುತ್ತೇವಲ್ಲ. ನಾನೂ ನೋಡಿದ್ದೆ. ಮೂರನೇ ಬೆಂಚಿನ ಹುಡುಗಿಯ ಮುಖದಲ್ಲಿ, ವರ್ಷವಿಡೀ. ಆ ಹಾಳೆ ಓದಿದ ಮರುದಿನದಿಂದ ಪತ್ರಿಕೆಗಳನ್ನು ಮಡಚಿ ಕೈಗೆ ಕೊಡತೊಡಗಿದೆ.

ಉತ್ತರ 3:
ಒಬ್ಬರೇ ಓದುತ್ತಿದ್ದೀರಾ? ಹಾಗಿದ್ದರೆ ಒಣಗಿದಂತೆಯೇ ಅನ್ನಿಸುತ್ತದೆ. ಇದು ಹವ್ರೂತಾದಲ್ಲಿ, ಇಬ್ಬರು ಎದುರುಬದುರು ಕೂತು ವಾದಿಸುತ್ತ ಓದುವ ಗ್ರಂಥ. ರಬ್ಬಿ (ಗುರು) ಯೋಹಾನಾನ್ ಅವರ ಓದಿನ ಜೊತೆಗಾರ ರೇಶ್ ಲಾಕಿಶ್ ತೀರಿಕೊಂಡ ಮೇಲೆ ಬಂದ ಹೊಸ ಜೊತೆಗಾರ, ಅವರು ಹೇಳಿದ್ದಕ್ಕೆಲ್ಲ ಆಧಾರ ಕೊಡುತ್ತ ಹೋದ. ಅವರಿಗೆ ಅದು ಬೇಕಿರಲಿಲ್ಲ. ‘ರೇಶ್ ಲಾಕಿಶ್ ಆದರೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ’ ಎಂದು ಅತ್ತರು. ಅದು ಬಾವಾ ಮೆತ್ಸಿಯಾದ 84ನೇ ಹಾಳೆಯಲ್ಲಿದೆ.

ಪ್ರಶ್ನೆ ಕೇಳಿದವರು:
ಹೌದು, ಒಬ್ಬನೇ. ಮೇಡಂ, ಆಣೆಯ ಭಾಗವನ್ನು ಮತ್ತೆ ಓದಿದೆ; ‘ಕಡಿಮೆಯಲ್ಲ’ ಎಂಬ ಪದ ನನಗೆ ಕಂಡೇ ಇರಲಿಲ್ಲ. ಮುಂದಿನ ಅಧ್ಯಾಯದಲ್ಲಿ ಚೆಲ್ಲಿದ ಕಾಳು ಯಾರಿಗೆ ಸೇರಬೇಕು ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ನಾಲ್ಕು ಮೊಳದಷ್ಟು ಜಾಗದಲ್ಲಿ ಒಂದು ಕಾವ್ (ಹಳೆಯ ಕಾಳಿನ ಅಳತೆ) ಕಾಳು ಚೆಲ್ಲಿದ್ದರೆ ಆರಿಸುವ ಶ್ರಮಕ್ಕೆ ಹೆದರಿ ಮಾಲೀಕ ಕೈಬಿಟ್ಟಿರುತ್ತಾನೆ, ಸರಿ. ಎರಡು ಮೊಳದಲ್ಲಿ ಅರ್ಧ ಕಾವ್ ಆದರೆ? ಶ್ರಮವೂ ಕಡಿಮೆ, ಕಾಳೂ ಕಡಿಮೆ. ರಬ್ಬಿ ಯಿರ್ಮೆಯಾ ಇಂಥವೇ ಒಂದಾದಮೇಲೊಂದು ಕೇಳುತ್ತಾರೆ, ಕೊನೆಗೆ ‘ತೇಕು’, ಪ್ರಶ್ನೆ ಹಾಗೇ ನಿಲ್ಲಲಿ ಅಂತ. ಉತ್ತರ ಇಲ್ಲವೇ ಇಲ್ಲವೇ?

ಉತ್ತರ 2ರವರು:
ಇಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಫೋನಿನಲ್ಲಿ ಸಿಗುತ್ತೀರಾ? ಕೈಬಿಡುತ್ತಾನೆ ಎಂದು ನೀವು ವಾದಿಸಿ, ಬಿಡುವುದಿಲ್ಲ ಎಂದು ನಾನು.